ಬೆರಳು ಕಲಿತದ್ದು ಕಾಲಿಗೆ ಇಳಿದೀತೇ?

ಕರ್ನಾಟಕದಲ್ಲಿ ಸಿಡಿಲಿನ ಕಾಲವೂ ಶಾಲೆಯ ರಜೆಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗೆ ಬೀಗ ಬೀಳುತ್ತದೆ, ಮೇ ಕೊನೆಗೆ ತೆರೆಯುತ್ತದೆ. ಮುಂಗಾರಿಗೆ ಮೊದಲಿನ ಗುಡುಗು-ಮಿಂಚಿನ ಮಳೆ ಸುರಿಯುವುದು ಈ ನಡುವಿನ ವಾರಗಳಲ್ಲೇ. ಹಿಂಗಾರಿನ ಗುಡುಗು ಕೂಡ ದಸರಾ ರಜೆಯ ಆಸುಪಾಸಿನದು. ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟುವಾಗ ಹಳ್ಳಿಯ ಮಕ್ಕಳು ಕ್ರಿಕೆಟ್ ಬಯಲಿನಲ್ಲೋ ಕುರಿಗಳ ಹಿಂದೆಯೋ ಮಾವಿನ ಮರದ ಬುಡದಲ್ಲೋ ಇರುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಪ್ರಕೃತಿ ವಿಕೋಪದಿಂದಾದ ಒಟ್ಟು ಸಾವುಗಳಲ್ಲಿ ಇದು ಮೂರನೇ ಒಂದಕ್ಕಿಂತ ಹೆಚ್ಚು. ಮರದ ಕೆಳಗೆ ನಿಲ್ಲಬೇಡ ಎಂದು ಹೇಳಬೇಕಾದ ಟೀಚರ್ ಆ ಹೊತ್ತಿನಲ್ಲಿ ತಮ್ಮೂರಿನಲ್ಲಿರುತ್ತಾರೆ. ಮಗುವಿನ ಕೈಗೆ ಸಿಗುವುದು ಅಪ್ಪನ ಮೊಬೈಲು.

ವಿಪತ್ತಿಗೆ ಸಿದ್ಧವಾಗುವುದನ್ನು ಮಕ್ಕಳಿಗೆ ಕಲಿಸಲು ಒಂದು ಮೊಬೈಲ್ ಆಟ ಬೇಕು ಎನ್ನುವವರ ಪರವಾಗಿ ನನಗೆ ಕಾಣುವ ಅತಿ ಗಟ್ಟಿ ಕಾರಣ ಇದು. ಅವರೇ ಮುಂದಿಡುವ ಕಾರಣ ಸಾಮಾನ್ಯವಾಗಿ ಬೇರೆ. ಮಕ್ಕಳು ಹೇಗಿದ್ದರೂ ಮೊಬೈಲ್ ಬಿಡುವುದಿಲ್ಲ, ಅದರೊಳಗೇ ನಾಲ್ಕು ಒಳ್ಳೆಯ ಮಾತು ಸೇರಿಸಿಬಿಡೋಣ ಎಂಬುದು ಅವರ ಲೆಕ್ಕ. ಇದು ಸೋಮಾರಿ ವಾದ. ಮಗು ಮೊಬೈಲ್ ಹಿಡಿಯುವುದು ಯೂಟ್ಯೂಬ್ ಶಾರ್ಟ್ಸ್ ನೋಡಲು, ಫ್ರೀ ಫೈರ್ ಆಡಲು. ಇಲಾಖೆಯ ದುಡ್ಡಿನಲ್ಲಿ ತಯಾರಾದ ಪಾಠದ ಆಟ ಅವುಗಳ ಜೊತೆ ಪೈಪೋಟಿಗೆ ಇಳಿದರೆ ಮೊದಲ ದಿನವೇ ಸೋಲುತ್ತದೆ. ಆದರೆ ಪಾಠ ಬೇಕಾದ ಹೊತ್ತಿಗೆ ಶಾಲೆ ಇರುವುದಿಲ್ಲ ಎಂಬ ಕಾರಣವನ್ನು ಹೀಗೆ ತಳ್ಳಿಹಾಕಲಾಗದು. ಶಾಲೆ ನಡೆಯುವ ತಿಂಗಳುಗಳಲ್ಲೂ ಅಗ್ನಿಶಾಮಕ ದಳದವರು ಬಂದು ಅಣಕು ಕಾರ್ಯಾಚರಣೆ ತೋರಿಸುವುದು ವರ್ಷಕ್ಕೊಮ್ಮೆ ಆದರೆ ಪುಣ್ಯ. ಅಂದು ಗೈರುಹಾಜರಾದ ಮಗುವಿಗೆ ಅದೂ ಇಲ್ಲ. ಆಟವನ್ನು ಮಗು ಇಪ್ಪತ್ತು ಸಲ ಆಡಬಹುದು, ಇಪ್ಪತ್ತು ಸಲ ತಪ್ಪಬಹುದು. ತಪ್ಪಿದರೆ ಯಾರೂ ಸಾಯುವುದಿಲ್ಲ. ಪಕ್ಕದಲ್ಲಿ ಕೂತ ಅಜ್ಜಿಯೂ ಇಣುಕಿ ನೋಡುತ್ತಾಳೆ. ಮನೆಯ ದೊಡ್ಡವರಿಗೆ ವಿಷಯ ತಲುಪಿಸುವುದಕ್ಕೆ ಮಗುವಿಗಿಂತ ಹತ್ತಿರದ ದಾರಿ ಇಲ್ಲ ಎಂಬುದು ಪೋಲಿಯೋ ಭಾನುವಾರಗಳಿಂದ ಹಿಡಿದು ಪಟಾಕಿ ಬೇಡವೆನ್ನುವ ಜಾಥಾಗಳವರೆಗೆ ಎಲ್ಲರೂ ನೆಚ್ಚಿಕೊಂಡ ಸಂಗತಿ.

ಇಂಥ ಆಟ ಹೊಸದೂ ಅಲ್ಲ. ವಿಶ್ವಸಂಸ್ಥೆಯ ವಿಪತ್ತು ತಗ್ಗಿಸುವ ವಿಭಾಗ 2007ರಲ್ಲೇ 'ಸ್ಟಾಪ್ ಡಿಸಾಸ್ಟರ್ಸ್' ಎಂಬ ಕಂಪ್ಯೂಟರ್ ಆಟ ಹೊರತಂದಿತು. ಸುನಾಮಿ, ಪ್ರವಾಹ, ಭೂಕಂಪ, ಚಂಡಮಾರುತ, ಕಾಳ್ಗಿಚ್ಚು ಎಂದು ಅದರಲ್ಲಿ ಐದು ಸನ್ನಿವೇಶಗಳು. ಅದಕ್ಕೂ ಮೊದಲು ಅದೇ ಸಂಸ್ಥೆ ಯುನಿಸೆಫ್ ಜೊತೆ ಸೇರಿ 'ರಿಸ್ಕ್‌ಲ್ಯಾಂಡ್' ಎಂಬ ಹಾಸಿನ ಆಟ ಮಾಡಿತ್ತು. ದಾಳ ಹಾಕಿ ಮನೆ ದಾಟುತ್ತಾ ಹೋಗುವ, ನಮ್ಮ ಹಾವು-ಏಣಿಯ ಜಾತಿಯ ಆಟ ಅದು. 2011ರಲ್ಲಿ ಥಾಯ್ಲೆಂಡನ್ನು ಮುಳುಗಿಸಿ ಎಂಟುನೂರಕ್ಕೂ ಹೆಚ್ಚು ಜನರನ್ನು ಕೊಂದ ಪ್ರವಾಹದ ನಂತರ ಯುನೆಸ್ಕೋದ ಬ್ಯಾಂಕಾಕ್ ಕಚೇರಿ 'ಸಾಯ್ ಫಾ' ಎಂಬ ಹುಡುಗನನ್ನು ನಾಯಕನನ್ನಾಗಿಸಿ ಒಂದು ಮೊಬೈಲ್ ಆಟ ಮಾಡಿಸಿತು. ಅಮೆರಿಕದ ರೆಡ್ ಕ್ರಾಸ್ ಕೂಡ ಮಕ್ಕಳಿಗಾಗಿ ಇಂಥದ್ದೊಂದು ಆ್ಯಪ್ ತಂದಿತ್ತು. ಹಾಗಾಗಿ 'ಆಗುತ್ತದೆಯೇ' ಎಂಬ ಪ್ರಶ್ನೆ ಮುಗಿದಿದೆ. ಉಳಿದಿರುವುದು ಅದರಿಂದ ಏನಾಗುತ್ತದೆ ಎಂಬ ಪ್ರಶ್ನೆ.

ಮೊದಲ ತೊಡಕು ಆಟದ ಸ್ವಭಾವದಲ್ಲೇ ಇದೆ. ಮೊಬೈಲ್ ಆಟ ಅಂದರೆ ಹೆಚ್ಚಿನ ಪಾಲು ಹೆಕ್ಕುವುದು. ನಾಣ್ಯ ಹೆಕ್ಕು, ವಜ್ರ ಹೆಕ್ಕು, ದಾರಿಯಲ್ಲಿ ಕಂಡದ್ದನ್ನೆಲ್ಲ ಬಾಚಿಕೋ, ಅಂಕ ಏರುತ್ತದೆ. ವಿಪತ್ತಿನ ಹೊತ್ತಿನಲ್ಲಿ ಬದುಕಿಸುವ ಗುಣ ಇದಕ್ಕೆ ತದ್ವಿರುದ್ಧ. ಅಲ್ಲಿ ಬಿಡಬೇಕು. ಪುಸ್ತಕದ ಚೀಲ ಬಿಡಬೇಕು, ಹೊಸ ಚಪ್ಪಲಿ ಬಿಡಬೇಕು, ಹಟ್ಟಿಯ ಕರುವಿನ ಹಗ್ಗ ಬಿಚ್ಚಿ ಅದನ್ನು ಅದರ ಪಾಡಿಗೆ ಬಿಡಬೇಕು. ನೆರೆ ಬಂದಾಗ ದೊಡ್ಡವರೇ ರೇಷನ್ ಕಾರ್ಡಿಗೆಂದು, ಪೆಟ್ಟಿಗೆಯಲ್ಲಿಟ್ಟ ಚಿನ್ನಕ್ಕೆಂದು ಒಳಗೆ ಹೋಗುತ್ತಾರೆ. ಹೀಗಿರುವಾಗ ನೀರೇರುತ್ತಿರುವ ಮನೆಯಲ್ಲಿ ಟಾರ್ಚು, ಬಿಸ್ಕತ್ತು, ಔಷಧಿ ಡಬ್ಬಿ ಹೆಕ್ಕಿದಷ್ಟೂ ನಕ್ಷತ್ರ ಕೊಡುವ ಆಟ ಮಗುವಿಗೆ ಏನು ಕಲಿಸಿದಂತಾಯಿತು? ತುರ್ತು ಚೀಲವನ್ನು ಮಳೆಗಾಲಕ್ಕೆ ಮೊದಲೇ ಕಟ್ಟಿಡಬೇಕೆಂಬುದು ಸರಿಯಾದ ಪಾಠವೇ. ಆದರೆ ಕಟ್ಟಿಡುವ ಹಂತ, ಓಡುವ ಹಂತ ಎರಡನ್ನೂ ಒಂದೇ ಪರದೆಯ ಮೇಲೆ ತಂದ ಕೂಡಲೇ ಪಾಠ ತಿರುವುಮುರುವಾಗುತ್ತದೆ. ಜಾಣ ವಿನ್ಯಾಸಕಾರ ಇದನ್ನು ಸರಿಪಡಿಸಬಲ್ಲ. ಓಡುವ ಹಂತದಲ್ಲಿ ಕೈಗೆತ್ತಿಕೊಂಡ ಪ್ರತಿ ವಸ್ತುವಿಗೂ ಕಾಲು ಭಾರವಾಗಲಿ, ಬಿಟ್ಟದ್ದಕ್ಕೆ ಅಂಕ ಸಿಗಲಿ. ಹೀಗೆ ಮಾಡಿದ ಆಟ ಆಡಲು ಅಷ್ಟು ಖುಷಿ ಕೊಡುವುದಿಲ್ಲ ಎಂಬುದೊಂದೇ ಕಷ್ಟ. ಕಲಿಕೆಗೂ ಮೋಜಿಗೂ ಇರುವ ಈ ಎಳೆದಾಟದಲ್ಲಿ ಗುತ್ತಿಗೆ ಹಿಡಿದ ಕಂಪನಿ ಸಾಮಾನ್ಯವಾಗಿ ಮೋಜಿನ ಕಡೆಗೇ ವಾಲುತ್ತದೆ. ಡೌನ್‌ಲೋಡ್ ಸಂಖ್ಯೆ ತೋರಿಸಿದರೆ ಬಿಲ್ಲು ಪಾಸಾಗುತ್ತದಲ್ಲ.

ಎರಡನೆಯದು, ಆಟದಲ್ಲಿ ಗೆಲ್ಲುವ ಜಾಗವೊಂದು ನಿಗದಿಯಾಗಿರುತ್ತದೆ. ಹಸಿರು ಬಾವುಟ ನೆಟ್ಟ ಗುಡ್ಡ ತಲುಪಿದರೆ ಚಪ್ಪಾಳೆ, ಅಲ್ಲಿಗೆ ಮುಗಿಯಿತು. 2011ರ ಮಾರ್ಚ್ 11ರಂದು ಜಪಾನಿನ ಕಾಮಾಯಿಶಿಯಲ್ಲಿ ನಡೆದದ್ದನ್ನು ಓದಿದವರಿಗೆ ಈ ಬಾವುಟದ ಮೇಲೆ ನಂಬಿಕೆ ಉಳಿಯುವುದಿಲ್ಲ. ಸುನಾಮಿಗೆ ಸಾವಿರಕ್ಕೂ ಹೆಚ್ಚು ಜನ ಸತ್ತ ಆ ಊರಿನಲ್ಲಿ, ಆ ಹೊತ್ತಿಗೆ ಶಾಲೆಗಳಲ್ಲಿದ್ದ ಸುಮಾರು 3,000 ಮಕ್ಕಳು ಬದುಕಿದರು. ಉನೊಸುಮಾಯ್ ಎಂಬ ಭಾಗದಲ್ಲಿ ಭೂಮಿ ನಡುಗಿದ ಕೂಡಲೇ ಮಾಧ್ಯಮಿಕ ಶಾಲೆಯ ಮಕ್ಕಳು ಓಟ ಕಿತ್ತರು. ಅವರನ್ನು ನೋಡಿ ಪಕ್ಕದ ಪ್ರಾಥಮಿಕ ಶಾಲೆಯ ಚಿಕ್ಕವರೂ ಮೂರನೇ ಮಹಡಿಯಿಂದ ಇಳಿದು ಹಿಂದೆ ಓಡಿದರು. ಮೊದಲೇ ಗೊತ್ತುಮಾಡಿದ್ದ ಜಾಗ ತಲುಪಿದರೆ ಅಲ್ಲಿ ಹಿಂದಿನ ಬಂಡೆ ಜರಿಯುತ್ತಿತ್ತು. ದೊಡ್ಡ ಮಕ್ಕಳು ಚಿಕ್ಕವರ ಕೈ ಹಿಡಿದು ಇನ್ನೂ ಮೇಲಕ್ಕೆ ಹೋದರು, ಅಲ್ಲಿಂದಲೂ ಮೇಲಕ್ಕೆ ಹೋದರು. ಮೊದಲು ನಿಂತಿದ್ದ ಜಾಗವನ್ನು ನೀರು ನುಂಗಿತು. ಈ ಮಕ್ಕಳಿಗೆ ಹಲವು ವರ್ಷ ಪಾಠ ಹೇಳಿದ್ದ ಗುನ್ಮಾ ವಿಶ್ವವಿದ್ಯಾಲಯದ ತೊಶಿತಾಕಾ ಕತಾದ ಅವರ ಮೊದಲ ಸೂತ್ರವೇ ನಕ್ಷೆಯನ್ನು ನಂಬಬೇಡಿ ಎಂಬುದಾಗಿತ್ತು. ಅಪಾಯದ ನಕ್ಷೆಯನ್ನು ಅಧಿಕಾರಿಗಳು ಬರೆದಿರುತ್ತಾರೆ, ಸಮುದ್ರ ಅದನ್ನು ಓದಿರುವುದಿಲ್ಲ.

ಇಲ್ಲಿ ಆಟದ ವಿರೋಧಿಗಳು ಗೆದ್ದೆವು ಎನ್ನುತ್ತಾರೆ. ನಿಜವಾದ ಕಾಲು, ನಿಜವಾದ ಗುಡ್ಡ, ನಿಜವಾದ ಓಟ ಬೇಕು, ಬೆರಳಿನಾಟದಿಂದ ಏನಾದೀತು ಎನ್ನುವುದು ಅವರ ಮಾತು. ಆದರೆ ಅದೇ ಉನೊಸುಮಾಯ್‌ನಲ್ಲಿ ಒಂದು ವಿಪತ್ತು ನಿರ್ವಹಣಾ ಕೇಂದ್ರದ ಕಟ್ಟಡವಿತ್ತು. ಸುನಾಮಿ ಬಂದಾಗ ಓಡಿ ಸೇರಬೇಕಾದ ಜಾಗ ಅದಾಗಿರಲಿಲ್ಲ. ಆದರೂ ವಯಸ್ಸಾದವರಿಗೆ ಹತ್ತಿರ, ಹೆಚ್ಚು ಜನ ಬರುತ್ತಾರೆ ಎಂದು ಊರಿನವರ ತಾಲೀಮುಗಳನ್ನು ಅಲ್ಲೇ ನಡೆಸುತ್ತಿದ್ದರು. ಸುನಾಮಿಯ ದಿನ ಕಾಲುಗಳು ತಾಲೀಮಿನಲ್ಲಿ ಕಲಿತ ದಾರಿಯನ್ನೇ ಹಿಡಿದವು. ಆ ಕಟ್ಟಡದೊಳಗೆ ನೂರಕ್ಕೂ ಹೆಚ್ಚು ಜನ ಸತ್ತರು. ದೇಹ ಕಲಿಯುವ ಪಾಠ ಗಟ್ಟಿ, ನಿಜ. ತಪ್ಪು ಪಾಠವನ್ನೂ ಅದು ಅಷ್ಟೇ ಗಟ್ಟಿಯಾಗಿ ಕಲಿಯುತ್ತದೆ. ತಾಲೀಮಿನಲ್ಲಿ ಗುಡ್ಡವನ್ನು ಪ್ರತಿ ಸಲ ಬೇರೆ ಕಡೆ ಇಡಲಾಗದು, ಆಟದಲ್ಲಿ ಇಡಬಹುದು. ಸೇತುವೆ ಇಂದು ಕುಸಿದಿದೆ, ನಾಳೆ ಶಾಲೆಯ ಗೇಟಿಗೆ ಬೀಗ ಬಿದ್ದಿದೆ, ನಾಡಿದ್ದು ಬಾವುಟದ ಗುಡ್ಡವೇ ಜರಿಯುತ್ತಿದೆ ಎಂದು ಪ್ರತಿ ಸಲ ಸನ್ನಿವೇಶ ಬದಲಿಸಿ 'ಈಗೇನು ಮಾಡುತ್ತೀ' ಎಂದು ಕೇಳುವುದಕ್ಕೆ ಮೊಬೈಲಿನಷ್ಟು ಅಗ್ಗದ ಸಾಧನ ಇನ್ನೊಂದಿಲ್ಲ. ಕತಾದರ ಸೂತ್ರವನ್ನು ಕಲಿಸಲು ಒಳ್ಳೆಯ ಆಟ ಕೆಟ್ಟ ತಾಲೀಮಿಗಿಂತ ಮೇಲು ಎಂದು ನಾನು ಹೇಳಬಲ್ಲೆ. ಆದರೆ ಪ್ರತಿ ಸಲ ಬದಲಾಗುವ ಆಟ ಬರೆಯುವುದು ಒಂದೇ ದಾರಿಯ ಆಟ ಬರೆದಷ್ಟು ಸುಲಭವಲ್ಲ, ಅಗ್ಗವೂ ಅಲ್ಲ.

ಒಂದೇ ನಿಯಮವನ್ನು ಎಲ್ಲೆಡೆ ಹಂಚುವ ಅಪಾಯ ಭೂಕಂಪದ ಪಾಠದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಕುಕ್ಕರಿಸು, ಮೇಜಿನಡಿ ನುಸುಳು, ಅದರ ಕಾಲು ಹಿಡಿದುಕೋ ಎಂಬ ಸೂತ್ರ ಕ್ಯಾಲಿಫೋರ್ನಿಯಾ, ಜಪಾನಿನ ಕಟ್ಟಡಗಳಿಗೆ, ನಮ್ಮ ಒಳ್ಳೆಯ ಆರ್‌ಸಿಸಿ ಕಟ್ಟಡಗಳಿಗೆ ಸರಿ. 1993ರಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಜನರನ್ನು ಹೂತುಹಾಕಿದ್ದು ದಪ್ಪ ಕಲ್ಲು-ಮಣ್ಣಿನ ಗೋಡೆಗಳೂ ಮಣ್ಣು ಹೇರಿದ ಭಾರದ ಮಾಳಿಗೆಗಳೂ. ನಮ್ಮ ಬೀದರ್, ಕಲಬುರಗಿ, ವಿಜಯಪುರದ ಹಳ್ಳಿಗಳಲ್ಲಿ ಅಂಥ ಮನೆ ಈಗಲೂ ಇವೆ. ಬಾಗಿಲ ಹತ್ತಿರವಿರುವ ಮಗುವಿಗೆ ಅಂಥಲ್ಲಿ ಬಯಲಿಗೆ ಓಡು ಎನ್ನುವುದೇ ವಾಸಿ. ಆಮದು ಆಟಕ್ಕೆ ಕನ್ನಡದ ಧ್ವನಿ ಕೊಟ್ಟು ಬಿಡುಗಡೆ ಮಾಡುವುದರಲ್ಲಿರುವ ಅಪಾಯ ಇಷ್ಟೇ. ಭಾಷೆ ಬದಲಾಗುತ್ತದೆ, ಆಟದೊಳಗಿನ ಮಾಳಿಗೆ ಬದಲಾಗುವುದಿಲ್ಲ.

ಇನ್ನೊಂದು ಆಕ್ಷೇಪ ಆಟದ ಗುಣದ್ದಲ್ಲ, ನ್ಯಾಯದ್ದು. ಕಾಮಾಯಿಶಿಯಿಂದ ಬಹಳ ದೂರವೇನೂ ಇಲ್ಲದ ಇಶಿನೊಮಾಕಿ ನಗರದ ಒಕಾವಾ ಪ್ರಾಥಮಿಕ ಶಾಲೆಯಲ್ಲಿ ಅದೇ ದಿನ 74 ಮಕ್ಕಳೂ 10 ಶಿಕ್ಷಕರೂ ಸತ್ತರು. ಶಾಲೆಯ ಹಿಂದೆಯೇ ಗುಡ್ಡವಿತ್ತು. ಗುಡ್ಡ ಹತ್ತೋಣ ಎಂದ ಮಕ್ಕಳೂ ಇದ್ದರು. ಆದರೆ ದೊಡ್ಡವರ ತೀರ್ಮಾನಕ್ಕಾಗಿ ಎಲ್ಲರೂ ಸುಮಾರು ಐವತ್ತು ನಿಮಿಷ ಮೈದಾನದಲ್ಲೇ ಉಳಿದರು. ಸತ್ತ ಮಕ್ಕಳ ಹೆತ್ತವರು ನ್ಯಾಯಾಲಯಕ್ಕೆ ಹೋದರು. ಶಾಲೆಯ ಕೈಪಿಡಿಯಲ್ಲಿ ಓಡಿಹೋಗಬೇಕಾದ ಜಾಗ ಎಂದು ಬರೆದಿದ್ದುದು ಹತ್ತಿರದ ಖಾಲಿ ಜಾಗ, ಉದ್ಯಾನ ಎಂಬ ಯಾವ ಊರಿಗೂ ಹೊಂದುವ ಮಾತು. ಮುಂಚಿತ ಸಿದ್ಧತೆಯಲ್ಲಿ ಆಡಳಿತ ತಪ್ಪಿತು ಎಂಬ ತೀರ್ಪು 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅಂತಿಮವಾಯಿತು. ಇಲ್ಲಿ ಮಕ್ಕಳ ತಿಳಿವಳಿಕೆಯಲ್ಲಿ ಕೊರತೆ ಇರಲಿಲ್ಲ. ನಮ್ಮ ಹತ್ತಿರದ ಕುಂಭಕೋಣಂ ನೆನೆಯಿರಿ. 2004ರ ಜುಲೈ 16ರಂದು ಶಾಲೆಯ ಅಡುಗೆಮನೆಯ ಬೆಂಕಿ ಹುಲ್ಲು ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಆ ಮಕ್ಕಳು ಎಷ್ಟು ಆಟ ಆಡಿದ್ದರೂ ಹುಲ್ಲು ಮಾಡು ಹೆಂಚಾಗುತ್ತಿರಲಿಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ-ಚೂರಲ್‌ಮಲೆಯಲ್ಲಿ ಗುಡ್ಡ ಇಳಿದದ್ದು ಮಕ್ಕಳು ನಿದ್ದೆಯಲ್ಲಿದ್ದ ನಡುರಾತ್ರಿಯಲ್ಲಿ. ಅದಕ್ಕೆ ಎರಡು ವಾರ ಮೊದಲು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದಾಗ ಹೆದ್ದಾರಿಗೆಂದು ಗುಡ್ಡದ ಬುಡ ಕಡಿದವರ ಕಡೆಗೆ ಊರೆಲ್ಲ ಬೆರಳು ತೋರಿಸಿತು. ಗುಡ್ಡ ಕಡಿಯುವವರು ದೊಡ್ಡವರು, ಓಡುವುದನ್ನು ಕಲಿಯಬೇಕಾದವರು ಮಕ್ಕಳು. ಹೀಗೆ ಕೇಳಿದರೆ ಆಟದ ಪ್ರಸ್ತಾವವೇ ಹೊಣೆ ಜಾರಿಸುವ ಉಪಾಯದಂತೆ ಕಾಣುತ್ತದೆ. ಶಾಲೆಗೆ ಎರಡನೇ ಬಾಗಿಲು ಇಡಿಸುವುದಕ್ಕಿಂತ ಆ್ಯಪ್ ಬಿಡುಗಡೆ ಮಾಡುವುದು ಸಲೀಸು. ಸಮಾರಂಭವೂ ಆಗುತ್ತದೆ, ಫೋಟೋವೂ ಬರುತ್ತದೆ.

ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅರ್ಧ ಇದೆ. 2004ರ ಡಿಸೆಂಬರ್ 26ರಂದು ಥಾಯ್ಲೆಂಡಿನ ಫುಕೆಟ್ ಕಡಲತೀರದಲ್ಲಿದ್ದ ಹತ್ತು ವರ್ಷದ ಬ್ರಿಟಿಷ್ ಹುಡುಗಿ ಟಿಲ್ಲಿ ಸ್ಮಿತ್ ಸಮುದ್ರದ ನೊರೆ ನೋಡಿಯೇ ಸುನಾಮಿ ಎಂದು ಗುರುತಿಸಿದಳು. ಎರಡು ವಾರ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಅವಳು ಸುನಾಮಿಯ ಪಾಠ ಕೇಳಿದ್ದಳು, ಹವಾಯಿಯ ಹಳೆಯ ಸುನಾಮಿಯ ಚಿತ್ರಣ ನೋಡಿದ್ದಳು. ಅವಳ ಹಟದಿಂದ ಸುಮಾರು ನೂರು ಜನ ಬದುಕಿದರು. ದೊಡ್ಡವರ ಲೋಕ ಸರಿಯಾಗುವವರೆಗೆ ಮಗು ಕಾಯಬೇಕಾಗಿಲ್ಲ. ಅವಳ ಮಾತು ಕೇಳುವ ಅಪ್ಪನೂ ಕಾವಲುಗಾರನೂ ಅಲ್ಲಿದ್ದರು ಎಂಬುದನ್ನು ಮಾತ್ರ ಮರೆಯಬಾರದು.

ಆಟದ ಜಾತಿ ಬದಲಿಸಿದರೆ ಹೊಣೆಯ ಪ್ರಶ್ನೆಯನ್ನೂ ಆಟದೊಳಗೇ ತರಬಹುದು. ಮೇಲೆ ಹೇಳಿದ 'ಸ್ಟಾಪ್ ಡಿಸಾಸ್ಟರ್ಸ್' ಓಡುವ ಆಟವಲ್ಲ, ಊರು ಕಟ್ಟುವ ಆಟ. ಇಷ್ಟು ಹಣ, ಇಷ್ಟು ಸಮಯ, ಇಂಥ ನೆಲ ಎಂದು ಕೊಡುತ್ತಾರೆ. ಶಾಲೆ ಎಲ್ಲಿಡುತ್ತೀ, ಮನೆ ಎಲ್ಲಿ ಕಟ್ಟುತ್ತೀ, ತಡೆಗೋಡೆಗೆ ಖರ್ಚು ಮಾಡುತ್ತೀಯೋ ಎಚ್ಚರಿಕೆ ವ್ಯವಸ್ಥೆಗೋ ಎಂದು ಆಡುವವನೇ ತೀರ್ಮಾನಿಸಬೇಕು. ಆಮೇಲೆ ವಿಪತ್ತು ಬಡಿಯುತ್ತದೆ, ಸತ್ತವರ ಲೆಕ್ಕ ಮುಂದೆ ಬರುತ್ತದೆ. ವಿಪತ್ತಿನ ಅರ್ಧ ಭಾಗವನ್ನು ಕಟ್ಟುವವರು ನಾವೇ ಎಂಬುದು ಮಗುವಿಗೆ ಉಪದೇಶವಿಲ್ಲದೆ ಅರ್ಥವಾಗುತ್ತದೆ. ಇದನ್ನು ಮಲಪ್ರಭೆಯ ದಂಡೆಗೆ ತಂದು ನೋಡಿ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ 'ಆಸರೆ' ಯೋಜನೆಯ ಹೊಸ ಊರುಗಳು ಎದ್ದವು. ಎಷ್ಟೋ ಮನೆಗಳಿಗೆ ಜನ ಹೋಗಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕಟ್ಟಡ ಕಳಪೆ ಎಂಬ ದೂರುಗಳು ಉಳಿದವು. 2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂದಾಗ ಹಳೆಯ ಊರುಗಳಲ್ಲೇ ಜನವಿದ್ದರು. ಆರನೇ ತರಗತಿಯ ಹುಡುಗಿಗೆ ಇಂಥ ಊರೊಂದನ್ನು ಆಟದಲ್ಲಿ ಕೊಟ್ಟು, ಎಲ್ಲರನ್ನೂ ಎತ್ತರಕ್ಕೆ ಸಾಗಿಸು ಎಂದರೆ ಅವಳು ಐದು ನಿಮಿಷದಲ್ಲಿ ಸಾಗಿಸುತ್ತಾಳೆ. ಆಟದ ಜನ ವಾಪಸ್ ಬರತೊಡಗಿದಾಗ ಯಾಕೆಂದು ಯೋಚಿಸುತ್ತಾಳೆ. ಇಂಥ ಆಟಕ್ಕೆ ನನ್ನ ಮತ ಸಲೀಸಾಗಿ ಬೀಳುತ್ತದೆ. ಏಳು ವರ್ಷದ ಮಗುವಿಗೆ ಇದು ಹತ್ತುವುದಿಲ್ಲ ಎಂಬ ಮಿತಿ ಇದ್ದೇ ಇದೆ.

ಬಾಳಿಕೆಯ ಪ್ರಶ್ನೆಗೆ ಬಂದರೆ ತಕ್ಕಡಿ ಮತ್ತೆ ಆಚೆಗೆ ತೂಗುತ್ತದೆ. ಇಂಡೊನೇಷ್ಯಾದ ಸಿಮೆಯುಲು ದ್ವೀಪದಲ್ಲಿ 1907ರಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಅಂದಿನಿಂದ ಅಜ್ಜ-ಅಜ್ಜಿಯರ ಕಥೆಗಳಲ್ಲಿ, ಹಾಡುಗಳಲ್ಲಿ ಒಂದು ಮಾತು ಉಳಿದುಬಂತು: ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಬೇಕು. ಅಲ್ಲಿಯವರು ಅದನ್ನು 'ಸ್ಮೋಂಗ್' ಎನ್ನುತ್ತಾರೆ. 97 ವರ್ಷಗಳ ನಂತರ, 2004ರಲ್ಲಿ, ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದ ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಅದರ ಪಕ್ಕದಲ್ಲಿ ನಮ್ಮ ಆ್ಯಪ್‌ಗಳ ಆಯಸ್ಸು ನೋಡಿ. ಫ್ಲ್ಯಾಶ್ ತಂತ್ರದಲ್ಲಿ ಮಾಡಿದ್ದ ಸಾವಿರಾರು ಕಲಿಕೆಯ ಆಟಗಳು 2020ರ ಕೊನೆಗೆ ಫ್ಲ್ಯಾಶ್ ನಿಂತಾಗ ಒಟ್ಟಿಗೇ ಕಣ್ಣುಮುಚ್ಚಿದವು. 'ಸ್ಟಾಪ್ ಡಿಸಾಸ್ಟರ್ಸ್' ಆಟವನ್ನೂ ಹೊಸ ತಂತ್ರದಲ್ಲಿ ಮತ್ತೆ ಕಟ್ಟಬೇಕಾಯಿತು. ಗೂಗಲ್ ಪ್ಲೇ ವರ್ಷವರ್ಷವೂ ಆ್ಯಪ್‌ಗಳನ್ನು ಹೊಸ ಆ್ಯಂಡ್ರಾಯ್ಡ್‌ಗೆ ಹೊಂದಿಸಲು ಹೇಳುತ್ತದೆ. ಹೊಂದಿಸದಿದ್ದರೆ ಹೊಸ ಫೋನುಗಳಿಗೆ ಆ ಆ್ಯಪ್ ಕಾಣಿಸುವುದೇ ಇಲ್ಲ. ಬಿಡುಗಡೆಯ ವರ್ಷ ಬಜೆಟ್ಟಿನಲ್ಲಿ ಹಣವಿರುತ್ತದೆ, ಮೂರನೇ ವರ್ಷ ಯೋಜನೆಯ ಹೆಸರು ಬದಲಾಗಿರುತ್ತದೆ.

ಹಾಗೆಂದು ಹಾಡು-ಕಥೆಯೇ ಸಾಕು ಎನ್ನುವ ಧೈರ್ಯ ನನಗಿಲ್ಲ. ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳುವುದನ್ನು ನಮ್ಮ ಮನೆಗಳು ತಲೆಮಾರುಗಳಿಂದ ಮಕ್ಕಳಿಗೆ ಕಲಿಸುತ್ತ ಬಂದಿವೆ. ಮಗುವಿನ ಎದೆಬಡಿತ ಅದರಿಂದ ಇಳಿಯುತ್ತದೆ, ಅದೂ ಸಣ್ಣ ಸಂಗತಿಯಲ್ಲ. ಎಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ ಆ ಹತ್ತು ಹೆಸರು ಹೇಳುವುದಿಲ್ಲ. ಸಿಮೆಯುಲುವಿನವರ ಬಾಯಿಮಾತಿನಲ್ಲಿ ಸೂಚನೆಯಿತ್ತು, ನಮ್ಮದರಲ್ಲಿ ಸಮಾಧಾನವಷ್ಟೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಮುನ್ನೆಚ್ಚರಿಕೆ ಕೊಡುತ್ತದೆ, ಆದರೆ ಅದು ದೊಡ್ಡವರಿಗೆಂದು ಮಾಡಿದ್ದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಹೊರಗೆ ಕಾಲಿಡಬಾರದು, ರಬ್ಬರ್ ಚಪ್ಪಲಿ ಕಾಪಾಡುವುದಿಲ್ಲ, ಒಂಟಿ ಮರಕ್ಕಿಂತ ಬಯಲೂ ಬಯಲಿಗಿಂತ ಪಕ್ಕಾ ಮನೆಯೂ ವಾಸಿ ಎಂಬ ಮೂರು ಮಾತನ್ನು ಎಂಟು ವರ್ಷದ ಮಗುವಿಗೆ ಮುಟ್ಟಿಸಲು ಒಂದು ಪುಟ್ಟ ಆಟ ಧಾರಾಳ ಸಾಕು.

ಕನ್ನಡದಲ್ಲಿ ಮಾಡುವುದಾದರೆ ಕಸುಬಿನ ತೊಡಕೊಂದಿದೆ. ಆಟ ಕಟ್ಟುವ ಹೆಸರುವಾಸಿ ಎಂಜಿನ್‌ಗಳಲ್ಲಿ ಕೆಲವಕ್ಕೆ ನಮ್ಮ ಒತ್ತಕ್ಷರ ಕೂಡಿಸುವುದು ಸಹಜವಾಗಿ ಬರುವುದಿಲ್ಲ. 'ವಿಪತ್ತು' ಎಂದು ಬರೆದರೆ ತಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ಗೋಡೋ ಎಂಬ ಮುಕ್ತ ಎಂಜಿನ್ ನಾಲ್ಕನೇ ಆವೃತ್ತಿಯಿಂದ ಇದನ್ನು ಸರಿಯಾಗಿ ಮಾಡುತ್ತಿದೆ, ಅದಕ್ಕೆ ಪರವಾನಗಿ ಶುಲ್ಕವೂ ಇಲ್ಲ. ಓದು ಇನ್ನೂ ಕೂಡಿಬರದ ಮಕ್ಕಳಿಗೆ ಅಕ್ಷರಕ್ಕಿಂತ ಧ್ವನಿಯೇ ಮುಖ್ಯ. ಅದು ಬೆಂಗಳೂರಿನ ಸ್ಟುಡಿಯೋದ ಧ್ವನಿ ಆಗಬೇಕಾಗಿಯೂ ಇಲ್ಲ. ಜಮಖಂಡಿಯ ಮಗುವಿಗೆ 'ಹೊಳಿ ಬಂದದ, ಚೀಲಾ ಅಲ್ಲೇ ಬಿಟ್ಟು ಬಾರೋ' ಎಂದೂ ಮಡಿಕೇರಿಯ ಮಗುವಿಗೆ ಬರೆ ಜರಿಯುವ ಮೊದಲು ತೊರೆಯ ನೀರು ಕೆಂಪಾಗುತ್ತದೆ, ಇಲ್ಲವೇ ಇದ್ದಕ್ಕಿದ್ದಂತೆ ಬತ್ತುತ್ತದೆ ಎಂದೂ ಅಲ್ಲಿಯ ಶಿಕ್ಷಕಿಯೇ ತನ್ನ ಮಾತಿನಲ್ಲಿ ಹೇಳಿ ಧ್ವನಿಮುದ್ರಿಸಬಹುದು. ಈ ವಿಷಯದಲ್ಲಿ ಆಟ ಪಠ್ಯಪುಸ್ತಕಕ್ಕಿಂತ ಮುಂದಿದೆ. ಇಡೀ ರಾಜ್ಯಕ್ಕೆ ಪುಸ್ತಕ ಒಂದೇ, ಧ್ವನಿ ತಾಲ್ಲೂಕಿಗೊಂದು ಆಗಬಹುದು.

ಫೋನ್ ಯಾರ ಕೈಯಲ್ಲಿದೆ ಎಂಬುದನ್ನು ಬೇಗ ನೋಡಿಬಿಡೋಣ. ಗ್ರಾಮೀಣ ಭಾರತದ ಅಸರ್ 2024ರ ಸಮೀಕ್ಷೆಯಲ್ಲಿ 14ರಿಂದ 16ರ ವಯಸ್ಸಿನವರಲ್ಲಿ 82.2% ಮಕ್ಕಳು ಸ್ಮಾರ್ಟ್‌ಫೋನ್ ಬಳಸಬಲ್ಲರು ಎಂದು ಕಂಡಿತು. ಬಳಸಬಲ್ಲವರಲ್ಲಿ ಸ್ವಂತ ಫೋನ್ ಇದ್ದದ್ದು ಹುಡುಗರಲ್ಲಿ 36.2%, ಹುಡುಗಿಯರಲ್ಲಿ 26.9%. ತಮ್ಮನ ಕೈಗೆ ಸುಲಭವಾಗಿ ಬರುವ ಫೋನ್ ಅಕ್ಕನ ಕೈಗೆ ಬರುವಷ್ಟರಲ್ಲಿ ಪಾತ್ರೆ ತೊಳೆಯುವ ಹೊತ್ತಾಗಿರುತ್ತದೆ. ಇನ್ನು ಮಾಹಿತಿಯ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ, ಅವರ ಚಲನವಲನದ ಬೆನ್ನುಹತ್ತುವುದನ್ನು ತಡೆಯುತ್ತದೆ. ಊರಿಗೆ ತಕ್ಕ ಆಟಕ್ಕೆ ಮಗುವಿನ ನಿಖರ ಸ್ಥಳ ಬೇಕಿಲ್ಲ, ತಾಲ್ಲೂಕಿನ ಹೆಸರು ಆರಿಸಿದರೆ ಸಾಕು. ಹೆಸರು, ಫೋನ್ ನಂಬರ್, ಶಾಲೆ ಯಾವುದನ್ನೂ ಕೇಳದ, ನೆಟ್ ಇಲ್ಲದೆ ನಡೆಯುವ ಆಟ ಮಾಡಲು ಸಾಧ್ಯವಿದೆ. ಹಾಗೆ ಮಾಡಿದರೆ ಎಷ್ಟು ಜನ ಆಡಿದರು ಎಂಬ ಅಂಕಿಯನ್ನು ಸಚಿವರಿಗೆ ತೋರಿಸಲಾಗದು ಎಂಬುದೇ ಅಡ್ಡಿಯಾದರೆ ಅದು ಮಕ್ಕಳ ಅಡ್ಡಿಯಲ್ಲ.

ಹೆದರಿಕೆಯ ವಿಷಯದಲ್ಲಿ ಮಾತ್ರ ನಾನು ವಿರೋಧಿಗಳ ಪಕ್ಕ ನಿಲ್ಲುತ್ತೇನೆ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಭಾಗದಲ್ಲಿ ಬೆಟ್ಟಗಳು ತೋಟ-ಮನೆಗಳ ಸಮೇತ ಇಳಿದದ್ದನ್ನು ಕಂಡ ಮಕ್ಕಳಿದ್ದಾರೆ. ಅಂಥ ಮಗುವಿಗೆ ಬಣ್ಣಬಣ್ಣದ ಬೆಟ್ಟ ಕುಸಿದು, ಪೀಪಿ ಊದಿ, 'ಮತ್ತೆ ಪ್ರಯತ್ನಿಸು' ಎಂದು ಹೇಳುವ ಪರದೆ ಆಟವಾಗಿ ಕಾಣುತ್ತದೆಂದು ನನಗೆ ಅನ್ನಿಸುವುದಿಲ್ಲ. ಒಂಟಿಯಾಗಿ ಮೂಲೆಯಲ್ಲಿ ಕೂತು ಆಡುವಾಗ ಅದರ ಮುಖ ನೋಡುವವರೂ ಇರುವುದಿಲ್ಲ. ಬಯಲಿನ ಆಟಗಳಿಗೆ ಈ ತೊಂದರೆ ಇಲ್ಲ. ನಮ್ಮ 'ಕೆರೆ-ದಡ' ಇದೆಯಲ್ಲ, 'ಕೆರೆ' ಎಂದಾಗ ಕೆಳಗೆ, 'ದಡ' ಎಂದಾಗ ಮೇಲಕ್ಕೆ ಜಿಗಿಯುವ ಆಟ, ಅದಕ್ಕೆ 'ಹೊಳೆ ಬಂತು' ಎಂಬ ಮೂರನೇ ಕೂಗು ಸೇರಿಸಿ ಎಲ್ಲರೂ ಶಾಲೆಯ ಜಗಲಿಗೆ ಓಡುವಂತೆ ಮಾಡಲು ಆ್ಯಪ್ ಬೇಡ, ಸುಣ್ಣದ ಗೆರೆ ಸಾಕು. ಅಳುವ ಮಗು ಟೀಚರ್ ಕಣ್ಣಿಗೆ ಬೀಳುತ್ತದೆ. ಜಪಾನಿನ ಕೋಬೆಯಲ್ಲಿ 1995ರ ಭೂಕಂಪದ ನಂತರ ತಯಾರಾದ 'ಕ್ರಾಸ್‌ರೋಡ್' ಎಂಬ ಇಸ್ಪೀಟಿನಂಥ ಆಟದಲ್ಲಿ ಸರಿ ಉತ್ತರವೇ ಇಲ್ಲ. ಶಿಬಿರದಲ್ಲಿ ಮೂರು ಸಾವಿರ ಜನ, ಊಟ ಎರಡು ಸಾವಿರ, ಈಗಲೇ ಬಡಿಸುತ್ತೀಯಾ? ಹೌದು ಅಥವಾ ಇಲ್ಲ ಎಂದು ಎಲೆ ಇಟ್ಟು, ಯಾಕೆಂದು ಪಕ್ಕದವರಿಗೆ ಹೇಳಬೇಕು. ಕಲಿಕೆ ಆಗುವುದು ಆ ಮಾತುಕತೆಯಲ್ಲಿ. ಪರದೆ ಕೊಡಲಾಗದ್ದು ಅದನ್ನೇ.

ಕಾಮಾಯಿಶಿಯಲ್ಲಿ ಕತಾದ ಮಕ್ಕಳಿಗೆ ಕೊಟ್ಟಿದ್ದ ಒಂದು ಮನೆಗೆಲಸ ನನಗೆ ಇಲ್ಲಿ ದಾರಿ ತೋರಿಸುತ್ತದೆ. ಮನೆಗೆ ಹೋಗಿ ಅಪ್ಪ-ಅಮ್ಮನಿಗೆ ಹೇಳಿ: ನಾನು ಖಂಡಿತ ಓಡಿಹೋಗಿರುತ್ತೇನೆ, ನನ್ನನ್ನು ಹುಡುಕಿಕೊಂಡು ಶಾಲೆಗೆ ಬರಬೇಡಿ, ನೀವೂ ಓಡಿ. ಮಗುವನ್ನು ಕರೆತರಲು ಹೋಗಿ ಸಾಯುವ ಹೆತ್ತವರನ್ನು ಉಳಿಸುವ ಮಾತು ಇದು. ಆಟದ ಪ್ರತಿ ಹಂತವೂ ಇಂಥದ್ದೊಂದು ಮನೆಗೆಲಸದಲ್ಲಿ ಮುಗಿಯಲಿ, ಅಮ್ಮನನ್ನು ಕೇಳಿ 'ನಮ್ಮ ಮನೆಯಿಂದ ಎತ್ತರದ ಜಾಗ ಯಾವುದು' ಎಂಬುದಕ್ಕೆ ಉತ್ತರ ತಂದ ಮೇಲೆಯೇ ಮುಂದಿನ ಹಂತ ತೆರೆಯಲಿ ಎಂಬುದು ನನ್ನ ಆಸೆ. ಮಗು ಸುಳ್ಳೇ 'ಕೇಳಿದೆ' ಎಂದು ಒತ್ತಬಹುದು. ಒತ್ತುತ್ತದೆ ಕೂಡ. ಆದರೂ ನಾಲ್ಕರಲ್ಲಿ ಒಬ್ಬರು ಕೇಳಿದರೆ ಆ ಮನೆಯಲ್ಲಿ ಒಂದು ಮಾತು ಶುರುವಾಗುತ್ತದೆ.

ಹಾಗಾಗಿ ಇಡೀ ರಾಜ್ಯಕ್ಕೆ, ಎಲ್ಲ ವಿಪತ್ತಿಗೂ ಒಂದೇ ಭಾರಿ ಆಟ ಬೇಡ ಎನ್ನುವವರ ಜೊತೆ ನಾನಿದ್ದೇನೆ. ಒಂದು ಜಿಲ್ಲೆ, ಒಂದು ವಿಪತ್ತು, ನಾಲ್ಕು ನಿಮಿಷದ ಆಟ ಎಂದರೆ ಒಪ್ಪುತ್ತೇನೆ. ಟೆಂಡರ್ ಕರೆಯುವ ದಿನ ಬಂದರೆ ಐದು ವರ್ಷದ ನಿರ್ವಹಣೆಯ ಹಣವನ್ನು ಬಿಡುಗಡೆಯ ಹಣದಿಂದ ಬೇರೆಯಾಗಿ ತೆಗೆದಿಡಲಿ, ಮೂಲ ಸಂಕೇತ ಮುಕ್ತವಾಗಿರಲಿ. ಆಟದೊಳಗಿನ ಅಂಕಗಳನ್ನು ಯಾರೂ ವರದಿ ಕೇಳದಿರಲಿ. ಅದರ ಬದಲು, ಮಕ್ಕಳು ಆಡಿ ಒಂದು ತಿಂಗಳಾದ ಮೇಲೆ ಯಾವುದೋ ಒಂದು ದಿನ ಹೇಳದೆ ಕೇಳದೆ ಗಂಟೆ ಬಾರಿಸಿ ಎಲ್ಲರನ್ನೂ ಹೊರಗೆ ಕರೆಯಬೇಕು. ಎಷ್ಟು ಪುಸ್ತಕದ ಚೀಲ ತರಗತಿಯಲ್ಲೇ ಉಳಿದವು, ಎಷ್ಟು ಬೆನ್ನಿಗೇರಿ ಹೊರಗೆ ಬಂದವು ಎಂದು ಎಣಿಸಬೇಕು. ಆಟ ಆಡದ ಪಕ್ಕದೂರಿನ ಶಾಲೆಯಲ್ಲೂ ಎಣಿಸಬೇಕು. ಆ ಎರಡು ಲೆಕ್ಕ ಕೈಗೆ ಬರುವವರೆಗೆ ಎರಡನೇ ಜಿಲ್ಲೆಗೆ ಹಣ ಬಿಡುಗಡೆ ಬೇಡ.